ಮಬ್ಬಾದ ಬಾಟಲಿಗಳು

ಬೆಳಿಗ್ಗೆ ಒಂಬತ್ತಕ್ಕೆ ಬಿಯರ್ ಕಾರ್ಖಾನೆಯ ಮಾಲೀಕ ಬಾಟಲಿ ಹಿಡಿದು ಠಾಣೆಗೆ ಓಡಿಬಂದ. "ಯಾರೋ ವಿಷ ಬೆರೆಸಿದಾರೆ ಮೇಡಂ. ಅಂಗಡಿಯೋರೆಲ್ಲ ಮಾಲು ವಾಪಸ್ ತಂದು ಸುರೀತಿದಾರೆ."

ಇನ್‌ಸ್ಪೆಕ್ಟರಮ್ಮ ಮುಚ್ಚಳ ತೆಗೆದಳು. ಕೂದಲು ಸುಟ್ಟಂಥ ನಾತ. ನಿನ್ನೆ ಸಂಜೆ ಅವಳ ತಮ್ಮ ಇದೇ ಬಿಯರನ್ನು ಒಂದು ಬಾಟಲಿ ಪೂರ್ತಿ ಇಳಿಸಿದ್ದ.

ಎಫ್‌ಐಆರ್ ದಾಖಲಾಯಿತು. ತಮ್ಮನನ್ನು ಆಸ್ಪತ್ರೆಗೆ ಅಟ್ಟಿ, ಗೋದಾಮಿನ ಪಂಚನಾಮೆಗೆ ನಿಂತಳು. ಕಣ್ಣು ಮಾತ್ರ ಫೋನಿನ ಮೇಲೆಯೇ ಇತ್ತು.

"ಮೇಡಂ, ವಾಪಸ್ ಬಂದ ಈ ರಾಶೀದು ಗಾಜೇ ಬೇರೆ," ಎಂದ ಹೆಡ್ ಕಾನ್‌ಸ್ಟೆಬಲ್. ಪಕ್ಕದ ರಾಶಿಯ ಬಾಟಲಿಗಳು ನೀರಿನಷ್ಟು ತಿಳಿ. ಇವು ಹೊಗೆ ಹಿಡಿದಂತೆ ಕಂದು.

ಮಾಲೀಕ ತಬ್ಬಿಬ್ಬಾದ. "ಗಾಜೂ ಒಂದೇ, ಮಾಲೂ ಒಂದೇ ಟ್ಯಾಂಕಿಂದು."

ಎರಡೂ ರಾಶಿಯ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಸಂಜೆ ಅಲ್ಲಿಂದ ಫೋನ್.

"ವಿಷ ಇಲ್ಲ. ಕಂದು ಬಾಟಲಿಗಳಿಗೆ ಗಾಮಾ ಕಿರಣ ಕೊಟ್ಟಿದಾರೆ, ಬ್ಯಾಂಡೇಜು, ಸೂಜಿಗೆ ಕೊಡ್ತಾರಲ್ಲ, ಹಾಗೆ. ಗಾಜು ಮಬ್ಬಾಗೋದೂ ಅದಕ್ಕೇ. ಕ್ರಿಮಿ ಸಾಯುತ್ತೆ, ಜೊತೆಗೆ ರುಚೀನೂ ಕೆಡುತ್ತೆ. ಕಿರಣ ಒಳಗೆ ಉಳಿಯಲ್ಲ, ನಿಮ್ಮ ತಮ್ಮಂಗೆ ಏನೂ ಆಗಲ್ಲ. ತಿಳಿ ಬಾಟಲಿಯ ಬಿಯರಂತೂ ಫಸ್ಟ್ ಕ್ಲಾಸ್."

ಅವಳಿಗೆ ಹೋದ ಜೀವ ಬಂದಂತಾಯಿತು. ತಮ್ಮನಿಗೆ ಫೋನಿನಲ್ಲೇ ಉಗಿದಳು. "ಆ ನಾತ ಹೊಡೆಯೋದನ್ನ ಹೆಂಗೋ ಕುಡಿದೆ?"

"ನೆಗಡಿ ಅಕ್ಕ, ಮೂಗು ಕಟ್ಟಿತ್ತು. ಗೊತ್ತೇ ಆಗ್ಲಿಲ್ಲ."

ಅವಳಿಗೆ ಮಾಲೀಕ ಹೇಳಿದ್ದು ನೆನಪಾಯಿತು. ಹೊರಡುವ ಪ್ರತಿ ಮಾಲನ್ನೂ ಮೂಸಿ, ಗುಟುಕರಿಸಿ ಒಪ್ಪುವವರು ಒಬ್ಬರೇ: ಬಿಯರ್ ತಯಾರಿಸುವ ಹಿರಿಯ ಮಾಸ್ಟರ್. ಇದನ್ನು ಅವರು ಹೇಗೆ ಒಪ್ಪಿದರು?

ಬ್ಯಾಂಡೇಜು, ಸೂಜಿಗಳಿಗೆ ಕಿರಣ ಕೊಡುವ ಊರಾಚೆಯ ವಿಕಿರಣ ಘಟಕದಲ್ಲಿ ಯಂತ್ರ ನಡೆಸುವವನು ಬೇಗ ಬಾಯಿಬಿಟ್ಟ. "ಮಾಸ್ಟರೇ ತಂದುಕೊಟ್ರು. ಹಳೇ ಸ್ನೇಹ, ಇಲ್ಲ ಅನ್ನಕ್ಕಾಗ್ಲಿಲ್ಲ. ಅರ್ಧ ಮಾಲಿಗಷ್ಟೇ ಕಿರಣ ಕೊಟ್ಟಾಗಿತ್ತು, ಇನ್ನರ್ಧ ಬಾಕಿ ಇತ್ತು."

ಮರುದಿನ ಕಾರ್ಖಾನೆಯ ರುಚಿ ನೋಡುವ ಕೋಣೆಯಲ್ಲಿ ಅವಳು ಕಂದು ಬಾಟಲಿಯಿಂದ ಒಂದು ಲೋಟ ಸುರಿದಳು. ಹೆಡ್ ಕಾನ್‌ಸ್ಟೆಬಲ್ ಮೂಗು ಮುಚ್ಚಿಕೊಂಡು ಬಾಗಿಲಿಗೆ ಸರಿದ. ಮಾಸ್ಟರ್ ಕಣ್ಮುಚ್ಚಿ ಮೂಸಿದರು.

"ಹೇಗಿದೆ?"

"ಒಳ್ಳೇ ಘಮ."

ಕಣ್ಣು ತೆರೆದಾಗ ಮೂಗು ಮುಚ್ಚಿ ನಿಂತ ಕಾನ್‌ಸ್ಟೆಬಲ್ ಕಂಡ. ಅವರು ಲೋಟ ಕೆಳಗಿಟ್ಟರು.

"ಯಾವಾಗಿಂದ?"

"ಜ್ವರ ಬಂದು ಹೋದಾಗಿಂದ. ಮಾಲು ಹುಳಿ ಹಿಡಿದಿದ್ರೂ ನಂಗೆ ತಿಳಿಯಲ್ಲ. ಕ್ರಿಮಿನೇ ಸತ್ರೆ ಕೆಡೋ ಮಾತೇ ಇಲ್ವಲ್ಲ ಅಂದ್ಕೊಂಡೆ."

ಅನುಮತಿಯಿಲ್ಲದೆ ವಿಕಿರಣಕ್ಕೊಡ್ಡಿದ ಪಾನೀಯವನ್ನು ಮಾರಾಟಕ್ಕೆ ಬಿಟ್ಟ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಮೂಗು ಹೋದದ್ದನ್ನು ಹೆಂಡತಿಗೂ ಹೇಳಿರಲಿಲ್ಲವಂತೆ. ದಿನವೂ ಊಟಕ್ಕೆ ಕೂತಾಗ ಘಮಘಮ ಅಂತಿದೆ ಎಂದು ಹೊಗಳುತ್ತಿದ್ದರಂತೆ. ಇನ್‌ಸ್ಪೆಕ್ಟರಮ್ಮನಿಗೆ ಪಾಪ ಎನಿಸಿತು.

ಜೀಪು ಹತ್ತುವಾಗ ಮಾಸ್ಟರ್ ಮೆಲ್ಲಗೆ ಕೇಳಿದರು. "ಕಿರಣ ಕೊಡೋಕೆ ಮುಂಚೆ ಮಾಲು ಹೇಗಿತ್ತಮ್ಮ?"

"ತುಂಬ ಚೆನ್ನಾಗಿತ್ತಂತೆ," ಎಂದಳು.