ತೊಳೆದು ತಂದ ಗಾಡಿ

"ನಿಮ್ಮ ಗಾಡಿಗೆ ಏನೂ ಆಗಿಲ್ಲ."

ಕಾವೂರಿನ ಆ ಆಟೋ ಎಲೆಕ್ಟ್ರಿಷಿಯನ್ ಬಾನೆಟ್ ಮುಚ್ಚಿ, ಕೈ ಒರೆಸಿಕೊಳ್ಳುತ್ತ ಹೀಗೆಂದಾಗ ಮಾನ್ಯಾಳಿಗೆ ಅಳು ಬರುವುದೊಂದೇ ಬಾಕಿ.

ಬೆಳಿಗ್ಗೆಯಷ್ಟೇ ಇದೇ ಪಿಕಪ್ ಕೂಳೂರು ಸೇತುವೆಯ ಮೇಲೆ ಕೈಕೊಟ್ಟಿತ್ತು. ಮೀಟರಿನ ದೀಪಗಳೆಲ್ಲ ಒಮ್ಮೆಲೇ ಆರಿ, ಎಂಜಿನ್ ನಿಂತು, ಹಿಂದಿನ ಲಾರಿಗಳು ಹಾರ್ನ್ ಹೊಡೆದು ಅವಳ ಮರ್ಯಾದೆ ತೆಗೆದಿದ್ದವು. ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್! ಈಗ ಇಲ್ಲಿಯೂ ಅದೇ ನಾಟಕ. ಡಾಕ್ಟರ ಎದುರು ಹೋದ ಕೂಡಲೇ ಜ್ವರ ಬಿಡುವ ಮಗುವಿನ ಹಾಗೆ.

"ನಾನು ಸುಳ್ಳು ಹೇಳ್ತಾ ಇಲ್ಲ," ಎಂದಳು.

"ಸುಳ್ಳು ಅಂತ ನಾನೆಲ್ಲಿ ಹೇಳಿದೆ ಮಾರಾಯ್ರೆ? ಇದು ಬಂದು ಹೋಗುವ ಕಾಯಿಲೆ. ಇದ್ದಾಗ ಸಿಕ್ಕಿದ್ರೆ ಮಾತ್ರ ಹಿಡಿಯಬಹುದು." ಅವನು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. ಅವಳೂ ನೋಡಿದಳು. ಆಮೇಲೆ ಇಬ್ಬರೂ ಗಾಡಿಯನ್ನು ನೋಡಿದರು. "ಇದರಲ್ಲಿ ಎಂತ ಹಾಕ್ತೀರಿ?"

ಅವಳ ಕಣ್ಣು ತೊಳೆದ ಗಾಡಿಯ ಹಿಂಭಾಗಕ್ಕೆ ಹೋಗಿ ಬಂತು.

"ತರಕಾರಿ," ಎಂದುಬಿಟ್ಟಳು.

ನೋಡಿ, ಎಡವಟ್ಟಾದದ್ದು ಇಲ್ಲಿಯೇ. ಆ ಗಾಡಿಯಲ್ಲಿ ಅವಳ ಅಪ್ಪ ಕಿಟ್ಟಣ್ಣನ ಕಾಲದಿಂದ ಒಂದು ಸೊಪ್ಪಿನ ಕಟ್ಟೂ ಹೋದದ್ದಿಲ್ಲ. ಹೋದದ್ದೆಲ್ಲ ಮೀನು. ಬೆಳಿಗ್ಗೆ ಬಂದರಿನ ದಕ್ಕೆಯಲ್ಲಿ ಬಂಗುಡೆ, ಅಂಜಲ್ ಕೊಂಡು, ಐಸ್ ಹಾಕಿದ ಬಾಕ್ಸುಗಳಲ್ಲಿ ತುಂಬಿ, ದೇರೆಬೈಲಿನ ಒಂದು ಹೋಟೆಲಿಗೂ ಪಣಂಬೂರಿನ ಎರಡು ಕ್ಯಾಂಟೀನಿಗೂ ಮುಟ್ಟಿಸುವುದು ಅವಳ ಕೆಲಸ. ಅಪ್ಪ ತೀರಿಕೊಂಡ ಮೇಲೆ ಮೂರು ವರ್ಷದಿಂದ ಒಬ್ಬಳೇ ಮಾಡುತ್ತಿದ್ದಾಳೆ.

ಹಾಗಿದ್ದರೆ ಸುಳ್ಳೇಕೆ? ಮಂಗಳೂರಿನಲ್ಲಿ ಮೀನು ತಿನ್ನದವರು ಎಷ್ಟು ಮಂದಿ ಇದ್ದಾರೆ, ಹೇಳಿ? ತಟ್ಟೆಯಲ್ಲಿದ್ದರೆ ಅದು ಪರಿಮಳ. ಹೊತ್ತು ತಂದವಳ ಮೈಯಲ್ಲಿದ್ದರೆ ವಾಸನೆ!

ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಯಾವಾಗಲೂ ಖಾಲಿ. ನಿಂತುಕೊಂಡು ಹೋದರೂ ಹೋದಾರು, ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಬಸ್ಸು ತಪ್ಪಿದ ದಿನ ಅಪ್ಪ ಇದೇ ಪಿಕಪ್ಪಿನಲ್ಲಿ ಬಿಡುತ್ತಿದ್ದರು. ಗೇಟಿನಿಂದ ದೂರದಲ್ಲಿಯೇ "ಇಲ್ಲಿ ಸಾಕು" ಎನ್ನುತ್ತಿದ್ದಳು. ಅಪ್ಪ ಒಂದು ದಿನವೂ ಯಾಕೆಂದು ಕೇಳಲಿಲ್ಲ. ಕೇಳಿ ಒಮ್ಮೆ ಬೈದುಬಿಟ್ಟಿದ್ದರೆ ಈಗ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆದ್ದರಿಂದ ಗ್ಯಾರೇಜಿಗೆ ಬರುವ ಮೊದಲು ಅವಳದ್ದೊಂದು ಕ್ರಮವಿತ್ತು. ಬಾಕ್ಸುಗಳನ್ನು ಮೀನಕಳಿಯದ ತನ್ನ ಮನೆಯಲ್ಲಿ ಇಳಿಸಿ, ಗಾಡಿಯನ್ನು ಸೋಪು ಹಾಕಿ ತಿಕ್ಕಿ ತೊಳೆದು, ತಾನೂ ಮಿಂದು, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಬರುವುದು. ಮದುವೆಗೆ ಹೊರಟ ಹಾಗೆ!

ಅಶ್ವಿತ್, ಆ ಎಲೆಕ್ಟ್ರಿಷಿಯನ್ ಹೆಸರು ಅದು, ಸುಮ್ಮನೆ ಬಿಡುವ ಪೈಕಿಯಲ್ಲ. ಗಾಡಿ ನಿಂತಾಗಲೆಲ್ಲ ಜಾಗ ಮತ್ತು ಹೊತ್ತನ್ನು ವಾಟ್ಸಾಪಿನಲ್ಲಿ ಹಾಕಲು ಹೇಳಿದ. ನಾಲ್ಕು ಸಲದ್ದು ಸಿಕ್ಕಿದರೆ ಯಾವುದರಿಂದ ಎಂದು ಗೊತ್ತಾಗುತ್ತದಂತೆ.

ಅವಳು ಹಾಕಿದಳು. 'ಕೂಳೂರು ಸೇತುವೆ, 8:40.' 'ಲೇಡಿಹಿಲ್, 7:15.' ಅತ್ತಲಿಂದ ಕೂಡಲೇ ಉತ್ತರ ಬರುತ್ತಿತ್ತು. ದೀಪ ಮಂಕಾಯಿತಾ, ಒಮ್ಮೆಲೇ ಹೋಯಿತಾ? ಹಾರ್ನ್ ಉಂಟಾ? ಕೊನೆಗೊಂದು ಸಾಲು ಬೇರೆ. ರಸ್ತೆ ಬದಿಗೆ ನಿಂತುಕೊಳ್ಳಿ, ಜಾಗ್ರತೆ.

ಜಾಗ್ರತೆ... ಆ ಶಬ್ದವನ್ನು ಅವಳಿಗೆ ಯಾರಾದರೂ ಹೇಳಿ ಮೂರು ವರ್ಷವಾಗಿತ್ತು.

ಅವಳ ಫೋನಿಗೆ ಬರುತ್ತಿದ್ದದ್ದಾದರೂ ಏನು? ನಾಳೆ ಅಂಜಲ್ ಎಷ್ಟು ಬೇಕು, ಸಿಮ್ಮಿನ ವ್ಯಾಲಿಡಿಟಿ ಮುಗಿಯಿತು. ಅಷ್ಟೇ. ಕೆಲಸ ಮುಗಿದ ಮೇಲೆ ಪಣಂಬೂರು ಕಡಲಿನ ಎದುರು ಗಾಡಿ ನಿಲ್ಲಿಸಿ, ಬುತ್ತಿ ಬಿಚ್ಚಿ, ಒಬ್ಬಳೇ ಉಣ್ಣುವುದು. ಪಕ್ಕದ ಸೀಟಿನಲ್ಲಿ ಬುತ್ತಿಯ ಮುಚ್ಚಳ ಇಟ್ಟುಕೊಳ್ಳುವುದು. ಮನೆಗೆ ಹೋದರೆ ಕುಚ್ಚಲಕ್ಕಿ ಒಂದು ಮುಷ್ಟಿ ಬೇಯಿಸಿದರೂ ಮಿಕ್ಕುತ್ತದೆ.

ಹಾಗಾಗಿ ಗಾಡಿ ನಿಂತ ದಿನ ಅವಳಿಗೆ ತಲೆಬಿಸಿಯೂ ಆಗುತ್ತಿತ್ತು, ಒಳಗೊಳಗೇ ಸ್ವಲ್ಪ ಖುಷಿಯೂ ಆಗುತ್ತಿತ್ತು. ಇದೆಂಥ ಹುಚ್ಚು ಎಂದು ತನಗೆ ತಾನೇ ಬೈದುಕೊಂಡಳು. ಬೈದರೆ ಮನಸ್ಸು ಕೇಳುತ್ತದೆಯೇ?

ಎರಡನೇ ಸಲ ಹೋದಾಗ ಅಶ್ವಿತ್ ಬ್ಯಾಟರಿಯ ಟರ್ಮಿನಲ್ ಬದಲಿಸಿದ, ಫ್ಯೂಸುಗಳನ್ನು ಒಂದೊಂದೇ ತೆಗೆದು ನೋಡಿದ, ಕೀ ಸ್ವಿಚ್ ಹೊಸತು ಹಾಕಿದ. ಪಕ್ಕದ ಪಂಕ್ಚರ್ ಅಂಗಡಿಯ ರಾಫೆಲ್, ಇಷ್ಟು ಚೆಂದ ತೊಳೆದ ಪಿಕಪ್ಪನ್ನು ತಾನು ಹುಟ್ಟಿದ ಮೇಲೆ ನೋಡಿಲ್ಲ ಎಂದು ತಮಾಷೆ ಮಾಡಿದ. ನಾಲ್ಕೇ ದಿನ. ಗಾಡಿ ಮತ್ತೆ ನಿಂತಿತು.

ಮೂರನೇ ಸಲ ಹೋಗುವಾಗ ಅವಳು ಇನ್ನೊಂದು ಜಾಣತನ ಮಾಡಿದಳು. ಕ್ಯಾಬಿನ್ನಿಗೆ ಮಲ್ಲಿಗೆಯ ಸೆಂಟು ತಂದು ಅರ್ಧ ಬಾಟಲಿ ಹೊಡೆದಳು.

ಅಶ್ವಿತ್ ಬಾಗಿಲು ತೆರೆದ. ಒಂದು ಹೆಜ್ಜೆ ಹಿಂದೆ ಸರಿದ. ಜೇಬಿನಿಂದ ಕರ್ಚೀಫ್ ತೆಗೆದು ಮೂಗು ಬಾಯಿಗೆ ಗಟ್ಟಿಯಾಗಿ ಕಟ್ಟಿಕೊಂಡು, ಆಮೇಲೆ ಒಳಗೆ ಬಗ್ಗಿದ.

ಮಾನ್ಯಾ ಅದನ್ನು ನೋಡಿದಳು. ಇಷ್ಟು ತಿಕ್ಕಿದರೂ, ಇಷ್ಟು ತೊಳೆದರೂ... ಇವನೂ ಆ ಬಸ್ಸಿನವರ ಹಾಗೆಯೇ!

ಅರ್ಜೆಂಟ್ ಕೆಲಸ ಉಂಟು ಎಂದು ಕೀ ಕಸಿದುಕೊಂಡು ಹೊರಟೇಬಿಟ್ಟಳು. ಅವನು ಕರ್ಚೀಫಿನ ಒಳಗಿನಿಂದ ಏನೋ ಹೇಳಿದ್ದು ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ.

ಆ ಮೇಲೆ ಮೂರು ವಾರ ಮೆಸೇಜಿಲ್ಲ. ಗಾಡಿ ನಿಂತಿತು, ಹೊರಟಿತು, ಮತ್ತೆ ನಿಂತಿತು. 'ಹೇಗುಂಟು ಗಾಡಿ?' ಎಂದು ಅವನೇ ಎರಡು ಸಲ ಕೇಳಿದ. ಅವಳು ನೋಡಿ, ಫೋನು ಮಗುಚಿಟ್ಟಳು. ಬುತ್ತಿ ಉಣ್ಣುವ ಹೊತ್ತಿಗೆ ಕಡಲು ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಅಭ್ಯಾಸವಾಗಿದ್ದ ಒಂಟಿತನವನ್ನೇ, ನಡುವೆ ಒಬ್ಬ ಬಂದು ಹೋದ ಮೇಲೆ ಸಹಿಸಲಾಗಲಿಲ್ಲ.

ಅಷ್ಟರಲ್ಲಿ ದೇರೆಬೈಲ್ ಹೋಟೆಲಿನ ಮ್ಯಾನೇಜರ್ ಹಿತೇಶ್ ಕಡ್ಡಿ ಮುರಿದ ಹಾಗೆ ಹೇಳಿದ್ದ. ಎಂಟು ಗಂಟೆಗೆ ಮೀನು ಅಡುಗೆಮನೆಯಲ್ಲಿರಬೇಕು, ಇನ್ನೊಂದು ಸಲ ತಡವಾದರೆ ಆರ್ಡರ್ ಬೇರೆಯವರಿಗೆ. ಅದು ಹೋದರೆ ಬರೀ ಕ್ಯಾಂಟೀನುಗಳಿಂದ ಗಾಡಿ ಓಡುವುದಿಲ್ಲ. ಅಪ್ಪನ ಪಿಕಪ್ ಗುಜರಿಗೆ.

ಹೇಳಿದ ಮರುದಿನವೇ, ಲೋಡು ತುಂಬಿಕೊಂಡು ಹೊರಟವಳ ಗಾಡಿ ಕೊಟ್ಟಾರ ಚೌಕಿಯಲ್ಲಿ ನಿಂತಿತು.

ಐದು ನಿಮಿಷ. ಹತ್ತು ನಿಮಿಷ. ಈ ಸಲ ಎಷ್ಟು ಕೀ ತಿರುಗಿಸಿದರೂ ಟಕ್ ಎನ್ನಲಿಲ್ಲ. ಹತ್ತಿರದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ ಹತ್ತು ಗಂಟೆ ಆಗಲಿ ಎಂದ. ಐಸು ಕರಗಿ ಹಿಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣೀರು ಒರೆಸಿಕೊಳ್ಳುತ್ತಲೇ ಅವಳ ಬೆರಳು ತನ್ನಷ್ಟಕ್ಕೆ ಟೈಪ್ ಮಾಡಿ ಕಳಿಸಿಬಿಟ್ಟಿತು. 'ಕೊಟ್ಟಾರ ಚೌಕಿ, 7:20.'

ಅಯ್ಯೋ! ಅಳಿಸಬೇಕು ಎನ್ನುವಷ್ಟರಲ್ಲಿ ಎರಡು ನೀಲಿ ಗೆರೆ ಬಿದ್ದಿದ್ದವು.

ಹನ್ನೆರಡು ನಿಮಿಷಕ್ಕೆ ಅವನ ಸ್ಕೂಟರ್ ಬಂದು ನಿಂತಿತು. ಮಾನ್ಯಾ ಬಂಗುಡೆ ಚಿಪ್ಪು ಅಂಟಿದ ಕೈಗಳನ್ನು ಹಿಂದೆ ಕಟ್ಟಿಕೊಂಡಳು. ಹಳೆಯ ನೈಟಿ, ಮೇಲೊಂದು ಅಪ್ಪನ ಅಂಗಿ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಅಶ್ವಿತ್ ಬಾಕ್ಸುಗಳನ್ನು ನೋಡಿದ, ಸೋರುವ ನೀರನ್ನು ನೋಡಿದ. ರಸ್ತೆಯ ಮೇಲೆ ಅಂಗಾತ ಮಲಗಿ ಗಾಡಿಯ ಅಡಿಗೆ ಜಾರಿದ.

"ಬೇಡ, ಅದು ಮೀನಿನ ನೀರು. ಮೈಮೇಲೆ ಬೀಳ್ತದೆ."

"ಬಿತ್ತು," ಎಂದಿತು ಅಡಿಯಿಂದ ಸ್ವರ. "ಟಾರ್ಚ್ ಹಿಡೀರಿ."

ಅವಳು ಬಗ್ಗಿ ಹಿಡಿದಳು. ಬ್ಯಾಟರಿಯಿಂದ ಗಾಡಿಯ ಅಡಿಯ ಚೌಕಟ್ಟಿಗೆ ಹೋಗುವ ದಪ್ಪ ಅರ್ತ್ ವಯರನ್ನು ಅವನು ಬಗ್ಗಿಸಿದ. ಹೊರಗಿನ ರಬ್ಬರು ಸರಿಯಾಗಿಯೇ ಇತ್ತು. ಬ್ಲೇಡಿನಿಂದ ಸೀಳಿದರೆ ಒಳಗಿನ ತಾಮ್ರವೆಲ್ಲ ಹಸಿರು ಪುಡಿ. ಉಪ್ಪುನೀರು ವರ್ಷಗಟ್ಟಲೆ ತೊಟ್ಟಿಕ್ಕಿ ತಿಂದು ಹಾಕಿತ್ತು. ಉಳಿದದ್ದು ಎರಡು ಎಳೆ. ಗಾಡಿ ಖಾಲಿ ಇದ್ದಾಗ ಅವು ತಾಗಿಕೊಂಡಿರುತ್ತಿದ್ದವು, ಲೋಡು ಬಿದ್ದು ಬಾಡಿ ಬಗ್ಗಿದರೆ ಬಿಟ್ಟುಕೊಳ್ಳುತ್ತಿದ್ದವು. ತೊಳೆದು, ಒಣಗಿಸಿ, ಖಾಲಿ ಮಾಡಿ ತಂದರೆ ದೇವರು ಬಂದರೂ ದೋಷ ಸಿಗುತ್ತಿರಲಿಲ್ಲ.

ಅವನು ಆ ವಯರಿನ ಬದಲಿಗೆ ಜಂಪರ್ ಕೇಬಲ್ ಕಟ್ಟಿದ. ಕೀ ತಿರುಗಿಸಿದಳು. ಗಾಡಿ ಗುಡುಗಿತು!

"ತರಕಾರಿ ಅಂದಿದ್ರಿ ನೀವು," ಎಂದ, ಎದ್ದು ನಿಂತು.

ಅವಳು ತಲೆ ತಗ್ಗಿಸಿದಳು. "ಹೇಳಿದ್ರೆ... ಅವತ್ತು ನೀವು ಮೂಗಿಗೆ ಬಟ್ಟೆ ಕಟ್ಟಿದ್ದು ನಾನು ನೋಡಿದ್ದೇನೆ."

ಅಶ್ವಿತ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅದು ನಿಮ್ಮ ಮಲ್ಲಿಗೆ ಸೆಂಟಿಗೆ. ಸೆಂಟು ಅಂದ್ರೆ ನನಗೆ ಆಗೂದಿಲ್ಲ. ಆ ದಿನ ಸಂಜೆವರೆಗೆ ಸೀನಿದ್ದೇನೆ, ಬೇಕಾದ್ರೆ ರಾಫೆಲಣ್ಣನ ಹತ್ರ ಕೇಳಿ."

ಮಾನ್ಯಾ ನಗಲು ಹೋಗಿ ಅತ್ತಳು. ಮೂರು ವಾರ... ಅರ್ಧ ಬಾಟಲಿ ಸೆಂಟಿಗೆ!

ಅವನು ನಗಲಿಲ್ಲ. ಹಣೆಯ ಮೇಲಿನ ನೀರನ್ನು ತೋಳಿನಿಂದ ಒರೆಸಿಕೊಂಡು ನಿಧಾನಕ್ಕೆ ಹೇಳಿದ. "ಮೂರು ವಾರ ಮೆಸೇಜ್ ಬರ್ಲಿಲ್ಲ. ಗಾಡಿ ಸರಿಯಾಗಿರಬೇಕು ಅಂತ ನನಗೆ ಸಂತೋಷ ಆಗ್ಬೇಕಿತ್ತು. ಆಗ್ಲಿಲ್ಲ. ರೂಮಲ್ಲಿ ನಾನೊಬ್ಬನೇ ಇರೂದು. ಬೆಳಿಗ್ಗೆ ಎದ್ದು ಮೊದಲು ಫೋನ್ ನೋಡ್ತಿದ್ದೆ."

ತಾನೊಬ್ಬಳೇ ಕಾಯುತ್ತಿದ್ದೇನೆ ಎಂದುಕೊಂಡಿದ್ದಳಲ್ಲ!

"ಹೊರಡಿ, ಎಂಟಾಗ್ತದೆ," ಎಂದ ಅವನೇ. "ಹೊಸ ವಯರ್ ನಾಳೆ ಹಾಕ್ತೇನೆ. ಹೀಗೇ ತನ್ನಿ. ತೊಳೀಬೇಡಿ."

ಎಂಟಕ್ಕೆ ಎರಡು ನಿಮಿಷ ಇರುವಾಗ ಮೀನು ಹಿತೇಶನ ಅಡುಗೆಮನೆ ಸೇರಿತು. ಅವನು ಗಡಿಯಾರ ನೋಡಿ, ಹೂಂ ಎಂದ. ಆ ದಿನ ಅವಳಿಗೆ ಅಷ್ಟು ಸಾಕಿತ್ತು.

ಮರುದಿನ ದೇರೆಬೈಲಿನ ಮೀನು ಇಳಿಸಿದವಳು, ಪಣಂಬೂರಿನ ಬಾಕ್ಸುಗಳೊಂದಿಗೆ ನೇರ ಕಾವೂರಿಗೆ ಹೋದಳು. ಗ್ಯಾರೇಜು ಕಂಡದ್ದೇ ಅಭ್ಯಾಸಬಲದಿಂದ ಕಾಲು ಬ್ರೇಕಿನ ಮೇಲೆ ಹೋಯಿತು. ಇಲ್ಲಿ ಸಾಕು... ಇಲ್ಲ ಅಪ್ಪ, ಇವತ್ತು ಇಲ್ಲಿ ಸಾಕಾಗುವುದಿಲ್ಲ. ಕಣ್ಣು ಮಂಜಾಯಿತು. ಗಾಡಿಯನ್ನು ಅವನ ಬಾಗಿಲಿನ ಎದುರಿಗೇ ಒಯ್ದು ನಿಲ್ಲಿಸಿದಳು.

ಅಶ್ವಿತ್ ಹೊಸ ವಯರ್ ಹಾಕಿ, ಮೇಲಿನ ನೀರು ತಾಗದ ಹಾಗೆ ರಬ್ಬರ್ ಶೀಟು ಬಿಗಿದ. ಕೈ ತೊಳೆದು ಬಂದು ಎಡಗಡೆಯ ಬಾಗಿಲು ತೆರೆದ. ಲೋಡಿನಲ್ಲಿ ಪಣಂಬೂರಿನವರೆಗೆ ಟ್ರಯಲ್ ನೋಡಬೇಕಂತೆ.

ಮಾನ್ಯಾ ಸೀಟಿನ ಮೇಲಿದ್ದ ಬುತ್ತಿಯನ್ನು ಮಡಿಲಿಗೆ ತೆಗೆದುಕೊಂಡಳು. ಇವತ್ತು ಅನ್ನ ಸ್ವಲ್ಪ ಜಾಸ್ತಿಯೇ ಹಾಕಿದ್ದಳು, ಬಂಗುಡೆ ಪುಳಿಮುಂಚಿ ಸಾರೂ ಇತ್ತು.

"ಇನ್ನು ಗಾಡಿ ನಿಲ್ಲೂದಿಲ್ಲ," ಎಂದಳು. "ಮೆಸೇಜ್ ಎಂತ ಅಂತ ಹಾಕ್ಲಿ?"

"ಮನೆ ಮುಟ್ಟಿದೆ ಅಂತ ಹಾಕಿ. ದಿನಾ."

ಕೊನೆಯದಾಗಿ ಒಂದು ಮಾತು ಹೇಳದೆ ಅವಳಿಗೆ ಇರಲಾಗಲಿಲ್ಲ.

"ಇಲ್ಲಿ ಮೀನು ವಾಸನೆ ಉಂಟು."

"ಉಂಟು," ಎಂದು ಅವನು ಅವಳ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡ. "ಹೋಗುವ."