ಕೊನೆಯ ತೊಟ್ಟಿಯ ನೀರು

"ಯಾರನ್ನ ಕೇಳಿ ನೀರು ತುಂಬ್ಕಂತಿದೀರಿ?"

ಬೆನ್ನ ಹಿಂದಿನ ದನಿಗೆ ಅಂಬಿಕಾ ಬೆಚ್ಚಿ ತಿರುಗಿದಳು. ಕಾಲಡಿಯ ಕೆಸರು ಜಾರಿತು. ಬಿದ್ದೇಬಿಟ್ಟೆ ಅಂದುಕೊಳ್ಳುವಷ್ಟರಲ್ಲಿ ಅವನು ಹಿಡಿದುಕೊಂಡಿದ್ದ... ಅವಳನ್ನಲ್ಲ, ಅವಳ ಕೈಯಲ್ಲಿದ್ದ ಕ್ಯಾನನ್ನು. ಅದನ್ನೇ ಜಗ್ಗಿ ಅವಳನ್ನು ದಡಕ್ಕೆ ಎಳೆದುಕೊಂಡ.

ಹರಿಹರದ ಹೊರಗೆ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಪೈಪು ತುಂಗಭದ್ರೆಗೆ ಸೇರುವ ಜಾಗ ಅದು. ಭಾನುವಳ್ಳಿಯ ಅಂಬಿಕಾ ದಾವಣಗೆರೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹೊಳೆಗೆ ಬಿಡುವ ನೀರಿನಲ್ಲಿ ಮೀನುಮರಿಗಳು ಬದುಕುತ್ತವೋ ಇಲ್ಲವೋ ಎಂದು ಪರೀಕ್ಷಿಸುವುದು ಅವಳ ಕೆಲಸ. ಅವನು ಕೊಟ್ಟೂರೇಶ್. ಕಾರ್ಖಾನೆಯ ಕೊಳೆನೀರನ್ನು ಶುದ್ಧ ಮಾಡಿ ಬಿಡುವ ಹೊಣೆ ಅವನದು.

ವಿಷಯ ತಿಳಿದ ಮೇಲೆ ಅವನೇ ಒಳಗೆ ಕರೆದೊಯ್ದು ತೋರಿಸಿದ. ಕಡುನೀಲಿ ನೀರು ತೊಟ್ಟಿಯಿಂದ ತೊಟ್ಟಿಗೆ ಹೋಗುತ್ತಾ ತಿಳಿಯಾಗುತ್ತಿತ್ತು.

"ಕನ್ನಡಿ ಇದ್ದಂಗೆ ಐತೆ ನೋಡ್ರಿ" ಅಂದ, ಕೊನೆಯ ತೊಟ್ಟಿಯ ಮುಂದೆ ನಿಂತು. ಆ ಹೆಮ್ಮೆ ಅವಳಿಗೆ ಯಾಕೋ ಇಷ್ಟವಾಯಿತು.

ಆಮೇಲೆ ಅವಳು ನೀರಿಗೆ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನವರೆಗೆ ಕ್ಯಾನು ಹೊರುವುದು ಅವನೇ. ಮೀನು ಸಾಯೋದನ್ನ ನೋಡೋದೂ ಒಂದು ಓದಾ ಎಂದು ಅವಳ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಅವನು ನಗಲಿಲ್ಲ. ಮರಿಗಳಿಗೆ ಗಾಳಿ ಹೆಂಗೆ ಕೊಡ್ತೀರಿ, ಊಟಕ್ಕೆ ಏನು ಹಾಕ್ತೀರಿ ಎಂದು ಕೇಳುತ್ತಿದ್ದ. ಬಸ್ಸು ಹೊರಟ ಮೇಲೂ ಕಿಟಕಿಯಿಂದ ತಿರುಗಿ ನೋಡುವುದು ಅವಳಿಗೆ ಅಭ್ಯಾಸವಾಯಿತು.

ಕೊನೆಗೆ ಮೀನುಮರಿ ಬಿಡುವ ದಿನ ಬಂತು. ಒಂದು ಗಾಜಿನ ತೊಟ್ಟಿಗೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಕಾರ್ಖಾನೆಯ ನೀರು. ಮರುದಿನ ಬೆಳಿಗ್ಗೆ ಲ್ಯಾಬಿಗೆ ಬಂದು ನೋಡಿದರೆ, ಬೋರ್‌ವೆಲ್ ನೀರಿನ ಮರಿಗಳು ಚುರುಕಾಗಿ ಓಡಾಡುತ್ತಿದ್ದವು. ಕಾರ್ಖಾನೆಯ ನೀರಿನವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ವರದಿ ಹೋದರೆ ಕಾರ್ಖಾನೆ ಮುಚ್ಚಬಹುದು. ಅವನ ಕೆಲಸ...? ಮುಚ್ಚಿಟ್ಟರೆ ಹೊಳೆಯ ಮೀನುಗಳ ಗತಿ? ಯಾರಿಗೂ ಹೇಳುವ ಮೊದಲು ಅವನಿಗೇ ಹೇಳಬೇಕು ಎಂದು ಹರಿಹರದ ಬಸ್ಸು ಹತ್ತಿದಳು.

ಕೇಳಿದ ಕೊಟ್ಟೂರೇಶನ ಮುಖ ಬಿಳಿಚಿತು. "ಇದಕ್ಕೇನಾ ನನ್ ಜತಿ ಇಷ್ಟು ಸಲಿಗೆಯಿಂದ ಇದ್ದಿದ್ದು? ನನ್ನ ಕೈಯಿಂದ್ಲೇ ನೀರು ತಗಂಡು ನನ್ನ ಮೇಲೇ ವರದಿ ಬರಿಯಾಕಾ?"

ಅಂಬಿಕಾ ವಾಪಸ್ ಬರುವಾಗ ಬಸ್ಸಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನಿಗೆ ತನ್ನ ನೌಕರಿಯೇ ದೊಡ್ಡದಾಯಿತು... ಹಾಗಂತ ಅವಳೂ ಅವನನ್ನು ತಪ್ಪು ತಿಳಿದಳು. ಇನ್ನೊಮ್ಮೆ ಪರೀಕ್ಷೆ ಮಾಡಿಯೇ ವರದಿ ಕಳಿಸುತ್ತೇನೆ ಎಂದು ತನ್ನ ಸಂಶೋಧನೆಯ ಮಾರ್ಗದರ್ಶಕಿ ಮೇಡಂಗೆ ಹೇಳಿದಳು. ಆದರೆ ನೀರು ತರಲು ಆ ದಾರಿಗೆ ಕಾಲೇ ಏಳಲಿಲ್ಲ.

ಒಂದು ವಾರ ಕಳೆದಿತ್ತು. ಲ್ಯಾಬಿನ ಬಾಗಿಲಲ್ಲಿ ಕೊಟ್ಟೂರೇಶ್ ನಿಂತಿದ್ದ. ಎರಡೂ ಕೈಯಲ್ಲಿ ಕ್ಯಾನು.

"ಒಂದು ಕೊನೇ ತೊಟ್ಟಿದು, ಇನ್ನೊಂದು ಅದರ ಹಿಂದಿನ ತೊಟ್ಟಿದು. ಎರಡ್ರಾಗೂ ಮರಿ ಬಿಟ್ಟು ನೋಡ್ರಿ" ಅಂದ. ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಹಿಂದಿನ ತೊಟ್ಟಿಯ ನೀರಿನಲ್ಲಿ ಮರಿಗಳು ಬದುಕಿದವು. ಕೊನೆಯದರಲ್ಲಿ ಸತ್ತವು. ಎರಡರ ನಡುವೆ ನೀರಿಗೆ ಬೀಳುತ್ತಿದ್ದುದು ಒಂದೇ, ಬ್ಲೀಚಿಂಗ್ ಪೌಡರ್. ನೀರು ಇನ್ನಷ್ಟು ಶುದ್ಧವಾಗಲಿ ಎಂದು ಅವನೇ ದಿನಾ ಒಂದು ಪಾಲು ಹೆಚ್ಚು ಸುರಿಯುತ್ತಿದ್ದ.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅವಳು ಒಂದು ಲೋಟ ನೀರು ತಂದು ಕೊಟ್ಟಳು.

ಅವನು ಮಾಲೀಕರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಅವರು ಬೈದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಪೌಡರ್ ಕಡಿಮೆಯಾಯಿತು. ಅದರ ಅಂಶ ಹೋದ ಮೇಲೆಯೇ ನೀರನ್ನು ಹೊಳೆಗೆ ಬಿಡುವ ವ್ಯವಸ್ಥೆ ಆಯಿತು. ಅಂಬಿಕಾ ಮತ್ತೆ ಮರಿ ಬಿಟ್ಟಳು. ನಾಲ್ಕನೇ ದಿನವೂ ಅವು ಆಡುತ್ತಿದ್ದವು. ಮೊದಲು ಸತ್ತಿದ್ದು, ಈಗ ಬದುಕಿದ್ದು, ಎರಡನ್ನೂ ವರದಿಯಲ್ಲಿ ಬರೆದು ಅವನಿಗೆ ಫೋನ್ ಮಾಡಿದಳು.

ಅವನು ಬಂದು ಗಾಜಿನ ಮುಂದೆ ಬಹಳ ಹೊತ್ತು ಬಗ್ಗಿ ನಿಂತ. ಕಣ್ಣು ತುಂಬಿತ್ತು.

"ನೀವು ಹೇಳದಿದ್ರೆ ಇನ್ನೂ ಎಷ್ಟು ಮೀನು ಸಾಯ್ತಿದ್ವೋ. ನಾನು ಅಂಥ ಮಾತಂದ್ರೂ ಬಾಗ್ಲು ಹಾಕ್ಲಿಲ್ಲ ನೀವು. ಈ ಉಪಕಾರ ನಾನು ಮರಿಯಲ್ರಿ."

"ಆ ಮಾತು ನಾನೇ ನಿಮಗೆ ಹೇಳ್ಬೇಕು" ಅಂದಳು ಅಂಬಿಕಾ. "ನನ್ನ ಕೆಲಸನ ನಂಬಿ ಮೊದಲ್ನೇ ಸಲ ಒಬ್ರು ಬಂದ್ರು. ಸಿಟ್ಟು ಬಂದ ಮೇಲೂ ಬಂದ್ರು."

ಅವನು ಗಾಜಿನಿಂದ ಕಣ್ಣು ತೆಗೆಯದೆಯೇ ಕೇಳಿದ.

"ಭಾನುವಳ್ಳಿಗೆ ಬಂದು ನಿಮ್ಮ ಅಪ್ಪಾರನ್ನ ಕೇಳ್ಲಾ?"

"ಅಪ್ಪನ್ನ ಆಮೇಲೆ ಕೇಳ್ರಿ. ಮೊದ್ಲು ನನ್ನ ಕೇಳ್ಬೇಕಲ್ಲ?"

ಅವನು ಅವಳತ್ತ ತಿರುಗಿದ. ಇಷ್ಟು ದಿನದ 'ರಿ' ತಾನಾಗಿಯೇ ಕಳಚಿಬಿತ್ತು.

"ಅಂಬಿಕಾ... ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ" ಅಂದಳು. "ಇನ್ನೊಂದ್ಸಲ ಹೆಸರು ಹಿಡಿದು ಕರಿ."