ಹತ್ತೊಂಬತ್ತು ರಜೆಗಳು

ಶೇವಂತಿ ಹುದ್ದಾರ ಇಸ್ಪೀಟು ಕಲೆಸುವಾಗ ಅವಳ ಎಡ ಮಣಿಕಟ್ಟಿನ ಒಳಬದಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ದೀಪವೊಂದು ಹಸಿರಾಗಿ ಉರಿಯುತ್ತಿತ್ತು. ಮೇಜಿನಾಚೆ ಕೂತಿದ್ದ ಆಟಗಾರ ತನ್ನ ಮುಂದಿನ ಬಿಲ್ಲೆಗಳನ್ನೆಲ್ಲ ಒಂದೇ ಸಲಕ್ಕೆ ಮುಂದೆ ತಳ್ಳಿದ. ಸುತ್ತ ನಿಂತವರು ಉಸಿರು ಬಿಗಿಹಿಡಿದರು. ಶೇವಂತಿ ಎಲೆ ತಿರುವಿದಳು. ಆತ ಗೆದ್ದು, ಕುರ್ಚಿಯಿಂದೆದ್ದು ಕುಣಿದೇಬಿಟ್ಟ. ಶೇವಂತಿಯ ದೀಪ ಮಾತ್ರ ಹಸಿರಾಗಿಯೇ ಇತ್ತು.

ಆ ದೀಪವಿದ್ದ ಕೈಪಟ್ಟಿಗೆ ತುಡಿತಮಾಪಕ ಎಂದು ಹೆಸರು. ಇಸವಿ 2068. ಕಾರವಾರದಾಚೆ ಸಮುದ್ರದಲ್ಲಿ ಲಂಗರು ಹಾಕಿ ನಿಂತ ‘ಜಲಕೇಳಿ’ ಎಂಬ ತೇಲುವ ಕ್ಯಾಸಿನೋದಲ್ಲಿ ಇನ್ನೂರ ಹನ್ನೆರಡು ನೌಕರರು ಈ ಪಟ್ಟಿ ಕಟ್ಟಿಕೊಂಡು ದುಡಿಯುತ್ತಿದ್ದರು. ಚರ್ಮದ ತೇವ, ನಾಡಿಯ ಏರಿಳಿತ, ಬೆರಳ ತುದಿಯ ಸೂಕ್ಷ್ಮ ನಡುಕ, ಈ ಮೂರನ್ನೂ ಕೂಡಿಸಿ ಮಾಪಕ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಕೊಡುತ್ತಿತ್ತು. ಹೆದರಿದಾಗ, ಸಿಟ್ಟು ಬಂದಾಗ ಮೈ ಸ್ಪಂದಿಸುವ ರೀತಿ ಬೇರೆ, ಜೂಜಿನ ತುಡಿತ ಬಂದಾಗ ಸ್ಪಂದಿಸುವ ರೀತಿ ಬೇರೆ ಎಂಬುದು ಅದರ ಹಿಂದಿನ ತತ್ತ್ವ. ಅಂಕಿ ಎಪ್ಪತ್ತು ದಾಟಿದರೆ ದೀಪ ಕೆಂಪಾಗುತ್ತಿತ್ತು. ಮೂರು ಸಲ ಕೆಂಪಾದವರು ಮೇಜು ಬಿಟ್ಟು ಚಿಕಿತ್ಸೆಗೆ ಹೋಗಬೇಕು. ಮೇಜು ಬಿಟ್ಟವರು ಮರಳಿ ಬಂದ ಉದಾಹರಣೆ ಜಲಕೇಳಿಯಲ್ಲಿ ಇರಲಿಲ್ಲ.

ಮಾಪಕವನ್ನು ಕಂಡುಹಿಡಿದವರು ಹಡಗಿನ ವೈದ್ಯೆ ಡಾ. ವಾರಿಜಾ ಉಚ್ಚಿಲ್. ಹಡಗಿನ ಪರವಾನಗಿ ನವೀಕರಣದ ಕಾಗದಕ್ಕೂ ಅವರ ಸಹಿ ಬೇಕಿತ್ತು. ಆಟ ನಡೆಸುವವರಿಗೆ ಆಟದ ಹುಚ್ಚು ಹಿಡಿಯುವುದಿಲ್ಲ, ಅದರ ಒಳಗುಟ್ಟು ಅವರಿಗೆ ಗೊತ್ತಲ್ಲ ಎಂದು ಜನ ತಿಳಿದಿದ್ದರು. ಒಳಗುಟ್ಟು ಗೊತ್ತಿದ್ದರೆ ಏನು ಬಂತು? ದಿನಕ್ಕೆ ಎಂಟು ತಾಸು ಕಣ್ಣೆದುರೇ ಯಾರೋ ಗೆದ್ದು ಕುಣಿಯುತ್ತಿರುತ್ತಾರೆ. ಸೋತವರು ಸದ್ದಿಲ್ಲದೆ ಎದ್ದು ಹೋಗುತ್ತಾರೆ, ಕಣ್ಣಿಗೆ ಬೀಳುವುದೇ ಇಲ್ಲ. ವಾರಿಜಾ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿದಾಗ ಐವರಲ್ಲಿ ಒಬ್ಬರು ದಡಕ್ಕೆ ಹೋದಾಗಲೆಲ್ಲ ಫೋನಿನಲ್ಲಿ ಜೂಜಾಡುತ್ತಿದ್ದರು ಎಂದು ತಿಳಿಯಿತು. ಆದರೆ ಮೇಜು ಹೋದೀತೆಂಬ ಹೆದರಿಕೆಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಹೇಳದ್ದನ್ನು ಕೈ ಹೇಳಲಿ ಎಂದು ವಾರಿಜಾ ಮಾಪಕ ಮಾಡಿದರು. ಉದ್ದೇಶ ಒಳ್ಳೆಯದೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಶೇವಂತಿಯೂ ಹಾಗೆ ಜೂಜಾಡುತ್ತಿದ್ದವರಲ್ಲಿ ಒಬ್ಬಳು. ಖಾನಾಪುರದ ಹತ್ತಿರದ ಹಳ್ಳಿಯವಳು, ವಯಸ್ಸು ಮೂವತ್ತಾರು. ಹನ್ನೊಂದು ವರ್ಷಗಳಿಂದ ಎಲೆ ಹಂಚುವುದೇ ಕೆಲಸ. ಏಳು ವರ್ಷದ ಮಗಳು ಕಸ್ತೂರಿ ಊರಲ್ಲಿ ಅಜ್ಜಿಯ ಹತ್ತಿರ ಇದ್ದಳು. ಪಟ್ಟಿ ಬಂದಾಗ ಮೊದಲು ಕೈ ಚಾಚಿದವಳು ಇವಳೇ. ಆಟ ಬಿಡಬೇಕು, ಮೇಜು ಉಳಿಸಿಕೊಳ್ಳಬೇಕು, ಎರಡನ್ನೂ ಮಾಡಿಯೇ ತೀರುತ್ತೇನೆ ಎಂದು ಹಟ ತೊಟ್ಟಿದ್ದಳು. ಮೊದಲ ತಿಂಗಳಲ್ಲಿ ಎರಡು ಸಲ ದೀಪ ಕೆಂಪಾಯಿತು. ಆಮೇಲೆ ಐದು ತಿಂಗಳು ಬರೀ ಹಸಿರು.

ಹಾಗೆ ನೋಡಿದರೆ ಹಡಗಿಗೆ ಹಡಗೇ ಹಸಿರಾಗಿತ್ತು. ವಾರಕ್ಕೆ ನಲವತ್ತು ಕೆಂಪು ಬರುತ್ತಿದ್ದ ಜಾಗದಲ್ಲಿ ಈಗ ಎರಡೋ ಮೂರೋ. ನೌಕರರಿಗೆ ಹುರುಪು ಬರಲೆಂದು ವಾರಿಜಾ ವಿಶ್ರಾಂತಿ ಕೋಣೆಯಲ್ಲಿ ಬೆಳಕಿನ ಹಲಗೆಯೊಂದನ್ನು ಹಾಕಿಸಿದ್ದರು. ಪಾಳಿ ಮುಗಿದ ಮೇಲೆ ಎಲ್ಲರೂ ಪಟ್ಟಿ ಬಿಚ್ಚಿ ಪೆಟ್ಟಿಗೆಯಲ್ಲಿಡಬೇಕು. ಆಗ ಹಲಗೆಯ ಮೇಲೆ ಪ್ರತಿ ಮೇಜಿನ ದಿನದ ಅಂಕಿ, ಕೊನೆಗೆ ಇಡೀ ಹಡಗಿನ ಅಂಕಿ ಮೂಡುತ್ತಿತ್ತು. ಇನ್ನು ಹತ್ತು ದಿನಕ್ಕೆ ವಾರಿಜಾ ಸರಕಾರಕ್ಕೆ ವರದಿ ಕೊಡುವವರಿದ್ದರು. ಅದಾದರೆ ದೇಶದ ಎಲ್ಲ ಕ್ಯಾಸಿನೋಗಳಿಗೂ ಮಾಪಕ ಕಡ್ಡಾಯ.

ಒಂದು ಮಧ್ಯಾಹ್ನ ಶೇವಂತಿ ಪಾಳಿಯ ಬಿಡುವಿನಲ್ಲಿ ಹಡಗಿನಲ್ಲೇ ಇದ್ದ ವಾರಿಜಾರ ಪ್ರಯೋಗಾಲಯಕ್ಕೆ ಬಂದು ಬಾಗಿಲು ಮುಂದೆ ಮಾಡಿದಳು. ಕೂರಿ ಎಂದರೂ ಕೂರಲಿಲ್ಲ.

“ಮೇಡಮ್ಮಾರ, ಆ ವರದಿ ಕೊಡಬ್ಯಾಡ್ರಿ,” ಎಂದಳು. “ನಿಮ್ಮ ಹಲಗಿ ಮ್ಯಾಲೆ ನಾವು ಜೂಜ ಆಡಾಕತ್ತೇವಿ.”

ವಾರಿಜಾ ತಮಾಷೆಯೆಂದೇ ತಿಳಿದರು. ಶೇವಂತಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಯಾವ ಮೇಜಿನ ಅಂಕಿ ಇವತ್ತು ಎಲ್ಲಕ್ಕಿಂತ ಕಡಿಮೆ ಬರುತ್ತದೆ ಎಂಬುದೇ ಪಂದ್ಯ. ಪಣವಾಗಿ ಇಡುವುದು ವಾರದ ರಜೆ. ಸೋತವನು ತನ್ನ ಒಂದು ರಜೆಯ ದಿನ, ಗೆದ್ದವನು ಕೇಳಿದಾಗ, ಅವನ ಪಾಳಿಯನ್ನು ತಾನು ಮಾಡಬೇಕು. ಅಂಕಿ ಇಳಿಸಲು ಪಾಳಿಗೆ ಮೊದಲು ತಣ್ಣೀರಿನಲ್ಲಿ ಕೈ ಅದ್ದಿಡುವವರಿದ್ದರು, ಉಸಿರು ಎಣಿಸುತ್ತ ಎಲೆ ಹಂಚುವವರಿದ್ದರು. ವರ್ಷಗಟ್ಟಲೆ ಕಲ್ಲಿನಂಥ ಮುಖ ಹೊತ್ತು ನಿಂತವರಿಗೆ ಇದೇನು ಮಹಾ ವಿದ್ಯೆ! ಎಲ್ಲರಿಗಿಂತ ಪಳಗಿದ ಕೈ ಶೇವಂತಿಯದು.

“ಹತ್ತೊಂಬತ್ತು ರಜಾ ಗೆದ್ದೇನ್ರಿ,” ಎಂದಳು. “ಒಂದ್ ದಿನಾನೂ ಊರಿಗಿ ಹೋಗಿಲ್ಲ. ಹೋದ್ರ ಆವತ್ತಿನ ಆಟ ತಪ್ಪತೈತಲ್ರೀ. ಕಸ್ತೂರಿ ಈಗ ಫೋನ್‌ನ್ಯಾಗ ‘ಯಾವಾಗ ಬರ್ತಿ’ ಅಂತ ಕೇಳೂದೂ ಬಿಟ್ಟಾಳ.”

ವಾರಿಜಾರಿಗೆ ಮರುಕವಾಯಿತು, ಸಿಟ್ಟೂ ಬಂತು. ಅಷ್ಟೊಂದು ತುಡಿತವಿದ್ದರೆ ಮಾಪಕಕ್ಕೆ ಸಿಗದೆ ಹೋಗಲು ಸಾಧ್ಯವಿಲ್ಲ, ಮೈಯನ್ನು ಅಷ್ಟು ಸುಲಭವಾಗಿ ಮೋಸಗೊಳಿಸಲಾಗದು ಎಂದು ನಾಡಿಯ ಲೆಕ್ಕಾಚಾರವನ್ನೆಲ್ಲ ವಿವರಿಸಿದರು. ಶೇವಂತಿ, ನಾಲ್ಕು ಗಂಟೆಗೆ ವಿಶ್ರಾಂತಿ ಕೋಣೆಗೆ ಬನ್ನಿ, ಪಟ್ಟಿ ಬಿಚ್ಚಲು ಮಾತ್ರ ನನಗೆ ಹೇಳಬೇಡಿ ಎಂದು ಹೊರಟಳು.

ನಾಲ್ಕಕ್ಕೆ ಅವಳ ಪಾಳಿ ಮುಗಿಯಿತು. ಮೇಜು ಬಿಡುವ ಮೊದಲು ಪದ್ಧತಿಯಂತೆ ಒಮ್ಮೆ ಚಪ್ಪಾಳೆ ತಟ್ಟಿ, ಎರಡೂ ಅಂಗೈಗಳನ್ನು ಮೇಲ್ಛಾವಣಿಯ ಕ್ಯಾಮೆರಾಕ್ಕೆ ತಿರುವಿ ತೋರಿಸಿದಳು. ಕೈಯಲ್ಲಿ ಏನನ್ನೂ ಬಚ್ಚಿಟ್ಟುಕೊಂಡಿಲ್ಲ ಎಂದು ಎಲೆ ಹಂಚುವವರು ಕೊಡಬೇಕಾದ ಪುರಾವೆ ಅದು. ವಿಶ್ರಾಂತಿ ಕೋಣೆಯಲ್ಲಿ ಉಳಿದವರು ಪಟ್ಟಿ ಬಿಚ್ಚಿ ಪೆಟ್ಟಿಗೆಗೆ ಹಾಕಿದರು. ಶೇವಂತಿ ಬಿಚ್ಚಲಿಲ್ಲ. ಹಲಗೆ ಮಿನುಗಿ, ಮೊದಲ ಮೇಜಿನ ಅಂಕಿ ಮೂಡುವಷ್ಟರಲ್ಲಿ ಅವಳ ಮಣಿಕಟ್ಟು ಹಳದಿಯಾಯಿತು. ಅವಳ ಮೇಜಿನ ಸರದಿ ಬರುವಾಗ ಕೆಂಪು ದೀಪ ಬಡಿದುಕೊಳ್ಳುತ್ತಿತ್ತು. ತೊಂಬತ್ತೊಂದು!

ಕೋಣೆಯಲ್ಲಿದ್ದ ಎಲ್ಲರಿಗೂ ಅದು ಅವಳ ಮೂರನೆಯ ಕೆಂಪು ಎಂದು ಗೊತ್ತಿತ್ತು. ವಾರಿಜಾರಿಗೂ ಗೊತ್ತಾಯಿತು. ಗೊತ್ತಿದ್ದೂ ಕೈಯಾರೆ ತನ್ನ ಮೇಜನ್ನು ತೆತ್ತು ಈ ಹೆಂಗಸು ತಮಗೊಂದು ಸತ್ಯ ತೋರಿಸಿದಳಲ್ಲ ಎಂದುಕೊಂಡರು. ಮಾಪಕ ಸರಿಯಾಗಿಯೇ ಇತ್ತು. ಆಟ ಶುರುವಾಗುವ ಹೊತ್ತಿಗೆ ಎಲ್ಲರ ಕೈಯಿಂದ ಅದನ್ನು ಬಿಚ್ಚಿಸುವ ನಿಯಮ ಮಾಡಿದವರು ಅವರೇ.

ಅಷ್ಟಕ್ಕೆ ಮುಗಿಯಲಿಲ್ಲ. ಹಲಗೆಯಲ್ಲಿ ಇನ್ನು ಹಡಗಿನ ಒಟ್ಟು ಅಂಕಿ ಬರಬೇಕಿತ್ತು. ಶೇವಂತಿ ಪಟ್ಟಿ ಬಿಚ್ಚಿ, “ಸಿಟ್ಟಾಗಬ್ಯಾಡ್ರಿ” ಎನ್ನುತ್ತ ವಾರಿಜಾರ ಕೈಗೆ ಕಟ್ಟಿದಳು. ಆರು ತಿಂಗಳಿಂದ ಆ ಒಂದು ಅಂಕಿಗಾಗಿ ದಿನವೂ ನಾಲ್ಕು ಗಂಟೆಗೆ ಕಾಯುತ್ತಿದ್ದವರು ಅವರು. ಅದು ಇಳಿದ ದಿನ ಊಟ ರುಚಿಸುತ್ತಿತ್ತು, ಏರಿದ ದಿನ ನಾಳೆ ಖಂಡಿತ ಇಳಿಯುತ್ತದೆ ಎಂದುಕೊಳ್ಳುತ್ತಿದ್ದರು. ಹಲಗೆಯ ಮೇಲೆ ಅಂಕಿ ತಿರುಗತೊಡಗಿತು. ವಾರಿಜಾರ ಮಣಿಕಟ್ಟು ಕೆಂಪಾಯಿತು. ಎಂಬತ್ತಾರು.

ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ದಿವಾಕರ ಬಾಳಿಗ ಶೇವಂತಿಯ ಹೆಸರನ್ನು ಪಾಳಿಪಟ್ಟಿಯಿಂದ ತೆಗೆಯಲು ಹೊರಟಾಗ ವಾರಿಜಾ ಬಾಳಿಗರ ಕೋಣೆಗೆ ಹೋಗಿ ಕೂತರು. ಬಾಳಿಗರ ವಾದ ಸರಳ. ನಿಯಮ ನಿಮ್ಮದೇ, ಅಂಕಿ ಚೆನ್ನಾಗಿದೆ, ಹಲಗೆಯೂ ಚೆನ್ನಾಗಿದೆ, ಸುಮ್ಮನೆ ಯಾಕೆ ಕೆದಕುತ್ತೀರಿ ಎಂದರು.

“ನಿಯಮ ನನ್ನದೇ. ತಪ್ಪೂ ನನ್ನದೇ,” ಎಂದರು ವಾರಿಜಾ. “ಬಾಯಿಬಿಟ್ಟು ಹೇಳಿಕೊಂಡವಳ ಮೇಜು ಕಿತ್ತುಕೊಂಡರೆ ನಾಳೆಯಿಂದ ಈ ಹಡಗಿನಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಅವಳ ಮೇಜು ಅವಳಿಗೇ ಉಳಿಯುತ್ತದೆ ಎಂದು ಬರೆದುಕೊಡಿ. ಅಲ್ಲಿಯವರೆಗೆ ನಿಮ್ಮ ಪರವಾನಗಿಯ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ.”

ಬಾಳಿಗರು ಎರಡು ದಿನ ಸತಾಯಿಸಿದರು. ವಾರಿಜಾ ಜಗ್ಗಲಿಲ್ಲ. ಆರು ತಿಂಗಳ ವರದಿಯನ್ನು ಸರಕಾರಕ್ಕೆ ಕೊಡದೆ ತಾವೇ ಕೈಬಿಟ್ಟರು. ಮೂರನೆಯ ದಿನ ಬಾಳಿಗರು ಬರೆದುಕೊಟ್ಟರು: ತಾನಾಗಿ ಹೇಳಿಕೊಂಡವರ ಕೆಲಸಕ್ಕೆ ಧಕ್ಕೆಯಿಲ್ಲ, ಗುಣವಾಗುವವರೆಗೆ ಅವರ ಮೇಜು ಅವರ ಹೆಸರಿನಲ್ಲೇ ಇರುತ್ತದೆ. ಶೇವಂತಿ ತಾನಾಗಿಯೇ ಮೂರು ತಿಂಗಳು ಮೇಜಿನಿಂದ ದೂರವಿರುತ್ತೇನೆ, ಹೊಸಬರಿಗೆ ಎಲೆ ಕಲೆಸುವುದನ್ನು ಕಲಿಸುತ್ತೇನೆ ಎಂದಳು. ಗೆದ್ದ ಹತ್ತೊಂಬತ್ತು ರಜೆಗಳನ್ನೂ ಸೋತವರಿಗೆ ಒಂದೊಂದಾಗಿ ಹಿಂತಿರುಗಿಸಿದಳು.

ಆ ವಾರವೇ ಹಲಗೆ ಗೋಡೆಯಿಂದ ಇಳಿಯಿತು, ಪಟ್ಟಿಗಳು ಪೆಟ್ಟಿಗೆ ಸೇರಿದವು. ನಾಲ್ಕು ಗಂಟೆಗೆ ವಿಶ್ರಾಂತಿ ಕೋಣೆಯಲ್ಲಿ ತಾವಾಗಿ ಬಂದ ಹನ್ನೊಂದು ಜನ ಸುತ್ತ ಕೂತರು. ಮಾಪಕವಿಲ್ಲ, ಅಂಕಿಯಿಲ್ಲ. ಅಂದಂದಿನ ತುಡಿತವನ್ನು ಅಂದಂದೇ ಬಾಯಿಂದ ಹೇಳುವುದು, ಅಷ್ಟೇ. ಮೊದಲು ಯಾರು ಶುರು ಮಾಡಬೇಕೆಂದು ಎಲ್ಲರೂ ನೆಲ ನೋಡುತ್ತಿದ್ದರು.

ವಾರಿಜಾ ಎದ್ದು ನಿಂತು, ಕಲಿಯುವವರಂತೆ ಅಡ್ಡಾದಿಡ್ಡಿಯಾಗಿ ಒಂದು ಚಪ್ಪಾಳೆ ತಟ್ಟಿ, ಎರಡೂ ಅಂಗೈ ತಿರುವಿ ತೋರಿಸಿದರು.

“ಇವತ್ತು ಬೆಳಿಗ್ಗೆಯಿಂದ ಆ ಖಾಲಿ ಗೋಡೆಯನ್ನು ಮೂರು ಸಲ ಬಂದು ನೋಡಿ ಹೋದೆ,” ಎಂದರು.

ಶೇವಂತಿ ಮುಂದೆ ಬಾಗಿ ಅವರ ಅಂಗೈಗಳನ್ನು ನಿಧಾನವಾಗಿ ಪರೀಕ್ಷಿಸಿ ತಲೆಯಾಡಿಸಿದಳು. ಆಮೇಲೆ ತಾನೂ ಎದ್ದು ಚಪ್ಪಾಳೆ ತಟ್ಟಿ ಕೈ ತೋರಿಸಿದಳು.

“ನಾನು ಇವತ್ತ ಆಡಿಲ್ರಿ. ನಾಳಿಂದು ಕೇಳಬ್ಯಾಡ್ರಿ, ನಾಳೆ ನಾ ಇಲ್ಲಿ ಇರೂದಿಲ್ಲ. ನನ್ನ ವಾರದ ರಜಾ ಐತಿ, ಊರಿಗಿ ಹೊಂಟೇನಿ.”